ಬಾಗಿಲ ಕಡೆಯಿಂದ ಮೂರನೆಯದು

ನಾನು ಬೋರ್ಡು ಬರೆಯುವವನು. ಬೇರೆ ಊರುಗಳಲ್ಲಿ ಈ ಕಸುಬು ಮೂಲೆ ಸೇರಿ ಎಷ್ಟೋ ಕಾಲವಾಯಿತಂತೆ. ನಮ್ಮೂರಿನಲ್ಲಿ ಮಾತ್ರ ನನಗೆ ವರ್ಷವಿಡೀ ಕೈತುಂಬ ಕೆಲಸ. ಯಾಕೆಂದರೆ ಇಲ್ಲಿ ಬರೆದದ್ದು ಯಾವುದೂ ವರ್ಷ ದಾಟಿ ನಿಲ್ಲುವುದಿಲ್ಲ. ಇವತ್ತು ಬರೆದ ಅಕ್ಷರ ಬರುವ ವರ್ಷ ಇದೇ ದಿನ ಬೆಳಗಾಗುವಷ್ಟರಲ್ಲಿ ಹೋಗಿರುತ್ತದೆ. ಶಾಯಿ ಆಗಲಿ, ಬಣ್ಣ ಆಗಲಿ, ಅಚ್ಚು ಹಾಕಿದ್ದಾಗಲಿ, ಎಲ್ಲಕ್ಕೂ ಅದೇ ಗತಿ. ಕಲ್ಲಿನಲ್ಲಿ ಕೆತ್ತಿದರೆ ಕಲ್ಲೇ ತುಂಬಿಕೊಳ್ಳುತ್ತದೆ. ಊರ ಬಾಗಿಲಲ್ಲಿ ಊರಿನ ಹೆಸರನ್ನು ನಾನೇ ಇಪ್ಪತ್ತೆರಡು ಸಲ ಬರೆದಿದ್ದೇನೆ. ಹಾಗಾದರೆ ನೋಟುಗಳ ಗತಿ ಏನು ಎಂದು ಹೊರಗಿನವರು ಕೇಳುತ್ತಾರೆ. ನಮ್ಮೂರಿನವರ ಜೇಬಿನಲ್ಲಿ ನೋಟು ವರ್ಷವಿಡೀ ನಿಂತಿದ್ದನ್ನು ಕಂಡವರಿದ್ದರೆ ಅವರನ್ನೇ ಕೇಳಬೇಕು.

ಪರದೆಯ ಮೇಲೆ ಬೆಳಕಿನಲ್ಲಿ ಮೂಡುವ ಅಕ್ಷರಕ್ಕೆ ಮಾತ್ರ ಈ ಕಾಟವಿಲ್ಲ. ಆದ್ದರಿಂದ ಮನೆಮನೆಯಲ್ಲೂ ಒಂದು ಡಬ್ಬಿ ಇದೆ. ಅದರೊಳಗೆ ನಾಲ್ಕು ಡಿಸ್ಕುಗಳು. ಲಗ್ನಪತ್ರಿಕೆ, ಹೊಲದ ಉತಾರದ ಕಾಗದ, ಮಕ್ಕಳ ಜಾತಕ, ಉಪ್ಪಿನಕಾಯಿಯ ಅಳತೆ, ಎಲ್ಲದರ ಫೋಟೋ ಹೊಡೆದರೆ ಅದು ತಾನಾಗಿಯೇ ಡಬ್ಬಿಗೆ ಹೋಗಿ ಕೂರುತ್ತದೆ, ಬೇಕಾದಾಗ ಟಿ.ವಿ.ಯಲ್ಲಿ ನೋಡಬಹುದು. ಡಿಸ್ಕುಗಳಿಗೆ ನಂಬರು ಬರೆದಿಡುವ ಹಾಗಿಲ್ಲ, ಬರೆದರೂ ನಿಲ್ಲಬೇಕಲ್ಲ. ಅದಕ್ಕೆ ನಮ್ಮೂರಿನಲ್ಲಿ ಎಲ್ಲರೂ ಬಾಗಿಲ ಕಡೆಯಿಂದ ಎಣಿಸುತ್ತಾರೆ. ಬಾಗಿಲಿಗೆ ಹತ್ತಿರದ್ದು ಒಂದನೆಯದು, ದೂರದ್ದು ನಾಲ್ಕನೆಯದು. ಒಂದು ಡಿಸ್ಕು ಕೆಟ್ಟರೆ ಡಬ್ಬಿಯ ಮೇಲೆ ಕೆಂಪು ದೀಪ ಹತ್ತುತ್ತದೆ. ಹೊಸದನ್ನು ಹಾಕಿ ಉಳಿದವುಗಳಿಂದ ಅದು ತುಂಬುವವರೆಗೆ, ಎಂದರೆ ಸುಮಾರು ಎರಡು ದಿನ, ಆ ಓಣಿಯಲ್ಲಿ ಯಾರೂ ಸದ್ದು ಮಾಡುವಂತಿಲ್ಲ. ಮುಖ್ಯವಾಗಿ ಯಾರೂ ರೊಟ್ಟಿ ಬಡಿಯುವಂತಿಲ್ಲ. ಹಳೆಯ ಡಿಸ್ಕುಗಳಿಗೆ ಆ ಅದುರು ತಾಳುವುದಿಲ್ಲ ಎಂದು ಹಿರಿಯರು ಹೇಳುತ್ತಾರೆ. ನಿಜವೋ ಸುಳ್ಳೋ, ಆ ಎರಡು ದಿನ ಓಣಿ ಪೂರಾ ಅನ್ನ ಉಣ್ಣುತ್ತದೆ.

ಇನ್ನು ಕಾಶವ್ವತ್ತೆಯ ವಿಷಯ ಹೇಳಬೇಕು. ಅವಳು ನನ್ನ ತಂದೆಯ ಅಕ್ಕ, ನನ್ನನ್ನು ಸಾಕಿದವಳು. ಅರವತ್ತೊಂದು ವರ್ಷವಾಗುವವರೆಗೆ ಅವಳಿಗೆ ಅಕ್ಷರವೆಂದರೆ ಗೋಡೆಯ ಮೇಲಿನ ರಂಗೋಲಿ ಇದ್ದಂತೆ. ಆ ವರ್ಷ ಸಂಜೆಯ ಅಕ್ಷರ ಶಾಲೆಗೆ ಹೋಗತೊಡಗಿದಳು, ಕಲಿತಳು, ಒಂದು ದಪ್ಪ ನೋಟುಬುಕ್ಕು ಕೊಂಡು ದಿನಕ್ಕೊಂದು ಪುಟ ಬರೆಯಲು ಶುರು ಮಾಡಿದಳು. ಮುನ್ನೂರ ಅರವತ್ತೈದು ಪುಟದ ನೋಟುಬುಕ್ಕು. ಅಧಿಕ ದಿನ ಬಂದರೆ ರಟ್ಟಿನ ಒಳಬದಿಗೆ ಬರೆಯುತ್ತಾಳೆ. ವರ್ಷ ತುಂಬಿದ ಮೇಲೆ ಮೊದಲ ಪುಟ ಮತ್ತೆ ಬಿಳಿಯಾಗುತ್ತದೆ, ಅದೇ ಪುಟದ ಮೇಲೆ ಹೊಸ ವರ್ಷ ಬರೆಯುತ್ತಾಳೆ. ಹೀಗೆ ಹನ್ನೊಂದು ವರ್ಷ ಒಂದೇ ನೋಟುಬುಕ್ಕಿನಲ್ಲಿ ಹರಿದು ಹೋಗಿವೆ. ದಿನಾ ಬರೆದಾದ ಮೇಲೆ ಫೋನಿನಲ್ಲಿ ಫೋಟೋ ಹೊಡೆಯುತ್ತಾಳೆ. ದಿನಾ ಬೆಳಿಗ್ಗೆ ಎದ್ದು ಕನ್ನಡಕ ಏರಿಸಿ ಟಿ.ವಿ. ಮುಂದೆ ಒಬ್ಬಳೇ ಕುಳಿತು, ಹಿಂದಿನ ವರ್ಷಗಳಲ್ಲಿ ಅದೇ ದಿನ ಬರೆದದ್ದನ್ನೆಲ್ಲ ಓದುತ್ತಾಳೆ. ಆಮೇಲೆಯೇ ಒಲೆಯ ಮೇಲೆ ಚಹಾ. ನಾವು ಯಾರೂ ಅವಳ ಪುಟ ಓದಿದವರಲ್ಲ. ಒಬ್ಬರ ಪುಟ ಇನ್ನೊಬ್ಬರು ಕರೆಯದೆ ಓದುವುದು ನಮ್ಮೂರಿನಲ್ಲಿ ಪರರ ಮನೆಯ ಒಳಕೋಣೆಗೆ ನುಗ್ಗಿದಷ್ಟು ಕೆಟ್ಟದ್ದು.

ವಯಸ್ಸು ಎಪ್ಪತ್ತೆರಡು. ಕೈ ಗಟ್ಟಿ, ಬಾಯಿ ಇನ್ನೂ ಗಟ್ಟಿ. ನೆನಪು ಮಾತ್ರ ಸ್ವಲ್ಪ ಜಾರುತ್ತಿದೆ ಎಂದು ನಾನು ಅಂದುಕೊಂಡಿದ್ದೆ, ಯಾಕೆಂದರೆ ವರ್ಷಕ್ಕೆ ಒಂದು ಸಲ ನನ್ನ ಚಹಾಕ್ಕೆ ಸಕ್ಕರೆ ಹಾಕುವುದನ್ನೇ ಮರೆತುಬಿಡುತ್ತಿದ್ದಳು. ಚಳಿ ಬೀಳುವ ಹೊತ್ತಿನಲ್ಲಿ ಯಾವುದೋ ಒಂದು ದಿನ. ನಾನು ಏನೂ ಅನ್ನದೆ ಕುಡಿಯುತ್ತಿದ್ದೆ. ಹಿರಿಯರ ಮನಸ್ಸು ನೋಯಿಸಬಾರದು ಎಂಬ ನನ್ನ ಈ ದೊಡ್ಡತನದ ಬಗ್ಗೆ ನನಗೇ ಬಹಳ ಅಭಿಮಾನ ಇತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಈ ವರ್ಷ ಚಳಿ ಶುರುವಾಗುತ್ತಿದ್ದ ಒಂದು ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದಾಗ ಡಬ್ಬಿ ಕುಂಯ್‌ಗುಟ್ಟಿತು. ಬಂದು ನೋಡಿದರೆ ಕೆಂಪು ದೀಪ. ಟಿ.ವಿ.ಯಲ್ಲಿ ಅತ್ತೆಯ ಪುಟಗಳ ಬದಲು ಒಂದೇ ಸಾಲು: ಮೂರನೆಯ ಡಿಸ್ಕು ಕೆಟ್ಟಿದೆ. ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು, ಕನ್ನಡಕದ್ದೇ ತಪ್ಪಿರಲಿ ಎನ್ನುವ ಹಾಗೆ.

"ಗುರುಶಾಂತ, ನನ್ನ ಪುಟ ಅದಾವಿಲ್ಲೋ?" ಎಂದಳು.

"ಎಲ್ಲಾ ಅದಾವ ಅತ್ತಿ. ಒಂದು ಡಿಸ್ಕು ಹೋದ್ರ ಏನೂ ಆಗಂಗಿಲ್ಲ. ಹೊಸಾದು ಹಾಕಿದ್ರ ಉಳಿದ ಮೂರು ಕೂಡಿ ಅದನ್ನ ತುಂಬತಾವ."

"ನಾಡದಕ್ಕ ಹನ್ನೊಂದು ವರ್ಷ ತುಂಬತಾವ. ಮೊದಲನೇ ಪುಟಾ ನಾಡದ ಬರತೈತಿ," ಎಂದಳು.

"ಬರತೈತಿ ಬಿಡು. ಗೋದಾಬಾಯಿನ್ನ ಕರೀತೀನಿ ಬೇಕಂದ್ರ."

ಗೋದಾಬಾಯಿ ಎಂದರೆ ನಮ್ಮೂರಿನಲ್ಲಿ ಡಬ್ಬಿ ರಿಪೇರಿ ಮಾಡುವವಳು. ಆದರೆ ಬಾಯಿಂದ ಬೇಕಂದ್ರೆ ಎಂದೆನೇ ಹೊರತು ಕರೆಯುವ ಮನಸ್ಸು ನನಗೆ ಇರಲಿಲ್ಲ. ಇಷ್ಟು ಸಣ್ಣ ಕೆಲಸಕ್ಕೆ ಅವಳನ್ನು ಯಾಕೆ ಕರೆಯಬೇಕು? ನಮ್ಮ ಮದುವೆಯಲ್ಲಿ ನನ್ನ ಹೆಂಡತಿ ಪೂರ್ಣಾಳ ತವರಿನವರು ಮುಯ್ಯಿ ಮಾಡಿದ ಹೊಸ ಡಿಸ್ಕು ಟ್ರಂಕಿನಲ್ಲಿ ಧಾರೆ ಸೀರೆಯ ಕೆಳಗೆ ಭದ್ರವಾಗಿತ್ತು. ಪೂರ್ಣಾ ಅದನ್ನು ತಂದುಕೊಟ್ಟಳು. ನಾನು ಡಬ್ಬಿಯ ಮುಂದೆ ಕುಳಿತು ಬಾಗಿಲ ಕಡೆಯಿಂದ ಎಣಿಸಿದೆ. ಒಂದು, ಎರಡು, ಮೂರು. ಮೂರನೆಯದನ್ನು ಎಳೆದೆ.

ಡಬ್ಬಿಯೊಳಗಿನ ಗುಂಯ್ ಸದ್ದು ಅಲ್ಲೇ ನಿಂತುಹೋಯಿತು. ಎಷ್ಟು ವರ್ಷದಿಂದ ಆ ಸದ್ದು ಮನೆಯಲ್ಲಿತ್ತೆಂದರೆ, ಅದು ನಿಂತ ಮೇಲೆಯೇ ನನಗೆ ಅದು ಇತ್ತೆಂದು ಗೊತ್ತಾಯಿತು. ಟಿ.ವಿ.ಯಲ್ಲಿ ಏನೋ ಸಾಲುಗಳು ಬಂದವು, ಕೆಳಗೆ ಎರಡು ಚೌಕ, ಹೌದು ಮತ್ತು ಬೇಡ. ನಾನು ದಿನವಿಡೀ ಅಕ್ಷರ ಬರೆಯುವವನು, ಓದುವವನಲ್ಲ. ಅಕ್ಷರ ನನಗೆ ಗೆರೆ, ಉಬ್ಬು, ಕೊಂಡಿ. ಹೌದು ಒತ್ತಿದರೆ ಮುಂದೆ ಹೋಗುತ್ತದೆ ಎಂಬ ಭರವಸೆಯಲ್ಲಿ ರಿಮೋಟು ಎತ್ತಿದೆ.

"ಓದಿ ಒತ್ತೋ!" ಅತ್ತೆ ನನ್ನ ಮಣಿಕಟ್ಟು ಹಿಡಿದಳು. ಆಮೇಲೆ ಬೆರಳು ಮಾಡಿ, ಒಂದೊಂದೇ ಅಕ್ಷರ ಕೂಡಿಸಿ ಜೋರಾಗಿ ಓದಿದಳು. "ಡಬ್ಬಿಯಲ್ಲಿ ಇರುವುದನ್ನು ಅಳಿಸಿ ಹೊಸದಾಗಿ ಶುರು ಮಾಡಲೇ?" ಓದಿ ನನ್ನ ಕಡೆ ತಿರುಗಿದಳು. "ಇದಕ್ಕ ಹೌದು ಅಂತೀಯೇನು?"

ನನ್ನ ಕೈಯಿಂದ ರಿಮೋಟು ಚಾಪೆಯ ಮೇಲೆ ಬಿತ್ತು. ಅಷ್ಟರಲ್ಲಿ ಪೂರ್ಣಾ ಗೋಡೆಯ ಕಡೆ ನೋಡುತ್ತ, "ಯವ್ವಾ," ಎಂದು ಬಾಯಿಗೆ ಕೈ ಇಟ್ಟುಕೊಂಡಳು. "ರೀ, ಹೋದ ತಿಂಗಳ ಸುಣ್ಣ ಹಚ್ಚೂಮುಂದ ಡಬ್ಬಿ ಆ ಗೋಡಿಂದ ಈ ಗೋಡಿಗೆ ತಂದ್ವಿ ಅಲ್ರೀ."

ಮೊದಲು ಡಬ್ಬಿ ಎಡಗಡೆಯ ಗೋಡೆಯಲ್ಲಿತ್ತು, ಆಗ ಬಾಗಿಲು ಡಬ್ಬಿಯ ಎಡಕ್ಕೆ. ಈಗ ಎದುರಿನ ಗೋಡೆಗೆ ಬಂದಿದೆ, ಬಾಗಿಲು ಬಲಕ್ಕೆ. ಡಬ್ಬಿ ಮಾತ್ರ ಎಂದಿನಂತೆ ತನ್ನ ಎಡದಿಂದಲೇ ಎಣಿಸುತ್ತದೆ. ಬಾಗಿಲ ಕಡೆಯಿಂದ ಮೂರನೆಯದು ಎಂದರೆ ಈಗ ಡಬ್ಬಿಯ ಪಾಲಿಗೆ ಎರಡನೆಯದು. ಕೆಟ್ಟದ್ದನ್ನು ಒಳಗೆ ಬಿಟ್ಟು ನಾನು ಒಳ್ಳೆಯದನ್ನು ಕಿತ್ತಿದ್ದೆ. ಒಂದು ಹೋದರೆ ಮೂರು ಕೂಡಿ ತುಂಬಿಸಬಹುದು, ಎರಡು ಹೋದರೆ ಡಬ್ಬಿ ಸತ್ತ ಹಾಗೆ ಎಂಬುದು ನಮ್ಮೂರಿನಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಆ ಡಿಸ್ಕನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತೆ. ಅದು ಇನ್ನೂ ಬೆಚ್ಚಗಿತ್ತು. ಅತ್ತೆ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಅವಳು ನೋಟುಬುಕ್ಕು ತೆಗೆದು ಮಡಿಲಲ್ಲಿ ಇಟ್ಟುಕೊಂಡು ಕುಳಿತಳು. ಅದರಲ್ಲಿ ಇದ್ದದ್ದು ಕಳೆದ ಒಂದೇ ವರ್ಷ. ಉಳಿದ ಹತ್ತು ವರ್ಷ ಡಬ್ಬಿಯ ಹೊರತು ಇನ್ನೆಲ್ಲೂ ಇರಲಿಲ್ಲ.

ಗೋದಾಬಾಯಿ ಮಧ್ಯಾಹ್ನಕ್ಕೆ ಬಂದಳು. ಅವಳ ಸಾಮಾನೆಲ್ಲ ಒಂದು ರೊಟ್ಟಿಬುಟ್ಟಿಯಲ್ಲಿ ಇರುತ್ತದೆ, ಮೇಲೆ ಒಂದು ಕುಪ್ಪಸದ ಖಣ ಹೊದಿಸಿರುತ್ತಾಳೆ. ಬಾಗಿಲಲ್ಲಿ ನಿಂತೇ ಡಬ್ಬಿ ನೋಡಿದಳು, ಗೋಡೆ ನೋಡಿದಳು, ನನ್ನನ್ನು ನೋಡಿದಳು.

"ಸುಣ್ಣ ಹಚ್ಚೀರಿ?"

"ಹಚ್ಚೀವ್ರಿ."

"ಹಿಂಗ ಮಾಡಿದವ್ರೊಳಗ ಈ ವರ್ಷ ನೀವು ಐದನೇ ಮನಿ," ಎಂದು ಒಳಗೆ ಬಂದು ಕುಳಿತಳು. "ಬೋರ್ಡ ಬರಿಯಾವ್ರು ನೀವು, ಎಡಾ ಬಲಾ ನಿಮಗ ತಿಳೀಬೇಕಿತ್ತು. ಇರಲಿ. ಅಳಸಲೇನು ಅಂತ ಕೇಳೈತಲ್ಲ, ಹೌದು ಒತ್ತೀರಿ?"

"ಇಲ್ರೀ. ಅತ್ತಿ ಓದಿ ಹೇಳಿದ್ಲು."

ಗೋದಾಬಾಯಿ ಮೊದಲ ಬಾರಿಗೆ ಅತ್ತೆಯ ಕಡೆ ತಿರುಗಿದಳು. "ಬಾಯಾರ, ನೀವು ಓದಿದ್ದಕ್ಕ ನನಗ ಇಲ್ಲೆ ಕೆಲಸ ಐತಿ. ಇಲ್ಲಾಂದ್ರ ಚಹಾ ಕುಡದು ಹೊಳ್ಳಿ ಹೋಗೂದಿತ್ತು. ಹೌದು ಒತ್ತಿದ ಮ್ಯಾಲ ಕರದವ್ರ ಭಾಳ ಮಂದಿ."

ನಾನು ಕಿತ್ತ ಡಿಸ್ಕನ್ನು ನನ್ನ ತೊಡೆಯಿಂದ ಎತ್ತಿ, ಸೆರಗಿನಿಂದ ಒರೆಸಿ, ಎಲ್ಲಿಂದ ಬಂದಿತ್ತೋ ಅಲ್ಲಿಗೇ ತಳ್ಳಿದಳು. ತನ್ನ ಸಣ್ಣ ಪರದೆಯನ್ನು ಡಬ್ಬಿಗೆ ಜೋಡಿಸಿ ಏನೇನೋ ಒತ್ತಿದಳು. ನಾವು ಮೂವರೂ ಅವಳ ಬೆರಳುಗಳನ್ನೇ ನೋಡುತ್ತ ನಿಂತಿದ್ದೆವು. ಅವಳು ಮಾತ್ರ ಆರಾಮಾಗಿ ವಿವರಿಸುತ್ತಿದ್ದಳು. ನಾಲ್ವರು ಅಕ್ಕತಂಗಿಯರು ಒಂದೇ ಕಥೆ ಕೇಳಿರುತ್ತಾರಂತೆ. ಒಬ್ಬಳು ಇಲ್ಲವಾದರೂ ಉಳಿದ ಮೂವರು ಕೂಡಿ ಅವಳ ಪಾಲಿನ ಮಾತನ್ನು ಹೇಳಬಲ್ಲರು. ಇಬ್ಬರೇ ಉಳಿದರೆ ಕಥೆಯಲ್ಲಿ ತೂತು ಬೀಳುತ್ತದೆ. ನಾನು ಮಾಡಿದ್ದೇನೆಂದರೆ ಗಟ್ಟಿಮುಟ್ಟಾಗಿದ್ದ ಒಬ್ಬಳನ್ನು ಮಾತಿನ ನಡುವೆ ರಟ್ಟೆ ಹಿಡಿದು ಹೊರಗೆ ಎಳೆದದ್ದು. "ಆಕಿ ಸತ್ತಿಲ್ಲ, ಸಿಟ್ಟಾಗ್ಯಾಳ. ರಮಿಸಿ ಕೂಡ್ರಸಬೇಕು," ಎಂದಳು. ಅರ್ಧ ಗಂಟೆ ರಮಿಸಿದ ಮೇಲೆ ಡಬ್ಬಿ ಒಮ್ಮೆ ಕೆಮ್ಮಿದ ಹಾಗೆ ಮಾಡಿ ಮತ್ತೆ ಗುಂಯ್ ಎಂದಿತು. ಪೂರ್ಣಾಳ ಕಣ್ಣಲ್ಲಿ ನೀರು ಬಂತು. ನನಗೂ ಬಂದಿತ್ತು, ಸುಣ್ಣದ ಧೂಳೆಂದು ಹೇಳಿದೆ.

ಆಮೇಲೆ ಗೋದಾಬಾಯಿ ನಿಜವಾಗಿ ಕೆಟ್ಟಿದ್ದ ಡಿಸ್ಕನ್ನು ತೆಗೆದು ಮದುವೆಯ ಡಿಸ್ಕನ್ನು ಹಾಕಿದಳು. ಟಿ.ವಿ.ಯಲ್ಲಿ ಶೂನ್ಯ ಎಂದು ಬಂತು. ನೂರಾಗಲು ನಲವತ್ತು ತಾಸು ಬೇಕು, ಎಂದರೆ ನಾಡಿದ್ದು ಬೆಳಿಗ್ಗೆ. "ಈ ನಲವತ್ತು ತಾಸಿನಾಗ ಹಳೇವು ಮೂರೊಳಗ ಇನ್ನೊಂದು ಬಿತ್ತಂದ್ರ ನನ್ನ ಕೈಯಾಗೂ ಏನಿಲ್ಲ," ಎಂದು ಮುಚ್ಚುಮರೆಯಿಲ್ಲದೆ ಹೇಳಿದಳು. ಬುಟ್ಟಿ ಕಟ್ಟಿಕೊಳ್ಳುತ್ತ ಅತ್ತೆಯನ್ನು ಕೇಳಿದಳು, "ನಿಮ್ಮ ಪುಟದ್ದು ಇನ್ನೊಂದು ನಕಲು ಯಾರ ಮನ್ಯಾಗೂ ಇಟ್ಟಿಲ್ಲೇನ್ರಿ? ಎದುರಿಗೆ ಬಾಳಪ್ಪನ ಡಬ್ಬಿ ಖಾಲಿ ಐತಿ, ಕೇಳಿದ್ರ ಇಟಗೋತಾನ."

"ಬಾಳಪ್ಪನ ಮನ್ಯಾಗ ಹೆಂಗ ಇಡಲೆವಾ? ಅವಂದ ಎಲ್ಲಾ ಬರದೀನಿ ಅದರಾಗ," ಎಂದಳು ಅತ್ತೆ.

ಗೋದಾಬಾಯಿ ಹೋಗುತ್ತಾ ನಮ್ಮ ಬಾಗಿಲಿಗೆ ಕೆಂಪು ಅರಿವೆ ಕಟ್ಟಿ ಹೋದಳು. ಅದನ್ನು ನೋಡಿದ ಕೂಡಲೇ ಓಣಿ ತಣ್ಣಗಾಯಿತು. ಸಂಜೆ ಆರಾಯಿತೆಂದರೆ ನಮ್ಮ ಓಣಿಯಲ್ಲಿ ಹದಿನಾಲ್ಕು ಮನೆಯಿಂದ ರೊಟ್ಟಿ ಬಡಿಯುವ ಸದ್ದು ಏಳುತ್ತದೆ. ಯಾರ ಮನೆಯದು ಯಾವುದೆಂದು ಕಣ್ಣು ಮುಚ್ಚಿ ಹೇಳಬಹುದು. ಆ ಸಂಜೆ ಒಂದೂ ಇಲ್ಲ. ಮಂದಿ ಚಪ್ಪಲಿ ಕೈಯಲ್ಲಿ ಹಿಡಿದು ನಮ್ಮ ಮನೆ ದಾಟುತ್ತಿದ್ದರು. ಯಾರದೋ ಮನೆಯ ಸೊಸೆ ಕುಕ್ಕರನ್ನು ಸೀಟಿ ಕೂಗುವ ಮೊದಲೇ ಇಳಿಸಿ ಅರೆಬೆಂದ ಅನ್ನ ಬಡಿಸಿ ತನ್ನ ಅತ್ತೆಯಿಂದ ಬಯ್ಯಿಸಿಕೊಂಡಳಂತೆ, ಅದೂ ಪಿಸುಮಾತಿನಲ್ಲಿ. ಎದುರು ಮನೆಯ ಬಾಳಪ್ಪನಿಗೆ ಮಾತ್ರ ಇದು ನುಂಗಲಾರದ ತುತ್ತು. ಆಳು ಒಳ್ಳೆಯವನು, ಹೊಟ್ಟೆ ಮಾತ್ರ ಅವನ ಮಾತು ಕೇಳುವುದಿಲ್ಲ.

"ಅನ್ನ ಉಂಡ್ರ ಉಂಡಂಗ ಆಗಂಗಿಲ್ಲ ಗುರುಶಾಂತ," ಎಂದು ಕಟ್ಟೆಯ ಮೇಲಿಂದ ಮೆಲ್ಲಗೆ ಕೇಳಿದ, "ಎಷ್ಟಾತು?"

"ಏಳು."

"ನೂರಕ್ಕ ಏಳು? ಯಪ್ಪಾ, ಸತ್ತೆ," ಎಂದು ಒಳಗೆ ಹೋದ. ಮರುದಿನ ಬೆಳಗಿನಿಂದ ತಾಸಿಗೊಮ್ಮೆ ಬಾಗಿಲಿಗೆ ಬಂದು ಕೈಸನ್ನೆಯಲ್ಲಿ ಕೇಳುತ್ತಿದ್ದ, ನಾನು ಬೆರಳಿನಲ್ಲಿ ಹೇಳುತ್ತಿದ್ದೆ.

ಆ ದಿನ ನಾನು ಕೆಲಸಕ್ಕೆ ಹೋಗಲಿಲ್ಲ. ಹಿಟ್ಟಿನ ಗಿರಣಿಯ ಬೋರ್ಡು ಅವತ್ತಿಗೆ ಅಳಿಸಿಹೋಗಿತ್ತು, ಬರೆಯಬೇಕಿತ್ತು. ಬಿಳಿಯ ಹಲಗೆ ಒಂದು ದಿನ ಇದ್ದರೆ ಗಿರಣಿ ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ಹೇಳಿ ಕಳಿಸಿದೆ. ಅತ್ತೆಯ ಪಕ್ಕದಲ್ಲಿ ಕುಳಿತು ಅಂಕಿ ನೋಡುವುದು ಬಿಟ್ಟರೆ ನನಗೆ ಮಾಡಲು ಏನೂ ಇರಲಿಲ್ಲ. ಸಂಜೆ ಏಳು ದಾಟಿದ ಮೇಲೆ ಎಪ್ಪತ್ತೊಂದಕ್ಕೆ ಬಂದು ನಿಂತಿತು. ಹತ್ತು ನಿಮಿಷ, ಇಪ್ಪತ್ತು ನಿಮಿಷ, ಎಪ್ಪತ್ತೊಂದೇ.

"ಅತ್ತಿ," ಎಂದೆ. ನಿನ್ನೆಯಿಂದ ಕೇಳಬೇಕೆಂದಿದ್ದ ಮಾತು. "ಬರಲಿಲ್ಲ ಅಂದ್ರ ಏನ್ ಮಾಡ್ತಿ?"

ಅತ್ತೆ ಅಂಕಿಯ ಮೇಲಿನ ಕಣ್ಣು ತೆಗೆಯಲಿಲ್ಲ. "ಅರವತ್ತೊಂದು ವರ್ಷ ನಾ ಏನ್ ಉಂಡೆ, ಯಾರ ಕೂಡ ಜಗಳಾಡಿದೆ, ಯಾವಾಗ ನಕ್ಕೆ, ಒಂದೂ ನನ್ನ ಕೈಯಾಗ ಇಲ್ಲೋ. ನೀ ಹುಟ್ಟಿದ ದಿನಾ ಮಳಿ ಇತ್ತೋ ಬಿಸಲಿತ್ತೋ ಅಂದ್ರ, ಒಬ್ಬರು ಮಳಿ ಅಂತಾರ, ಒಬ್ಬರು ಬಿಸಲ ಅಂತಾರ, ನಾ ಎರಡಕ್ಕೂ ಹೌದು ಅಂತೀನಿ. ಈ ಹನ್ನೊಂದ ವರ್ಷ ಅಷ್ಟ ಹಂಗಲ್ಲ. ಇದರಾಗ ಯಾರೂ ನನಗ ಹೌದು ಅನಸಾಕ ಆಗಂಗಿಲ್ಲ. ನಾ ಬರದೀನಿ." ಕನ್ನಡಕ ಮೇಲೇರಿಸಿಕೊಂಡು, "ಹೋದ್ರ ಹೋಗತಾವ. ನಾಳಿಂದ ಮತ್ತ ಬರೀತೀನಿ. ಆದ್ರ ಎಪ್ಪತ್ತೆರಡಕ್ಕ ಹೊಸಾದಾಗಿ ಶುರು ಮಾಡೂದು ಅಂದ್ರ ಭಾಳ ದಣಿವು ನೋಡಪಾ," ಎಂದಳು.

ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ. ಗೋಡೆ ಬದಲಾದದ್ದು ಮರೆತವನು ನಾನು, ಓದದೆ ಒತ್ತಲು ಹೋದವನು ನಾನು, ದಣಿಯಬೇಕಾದವಳು ಅವಳು.

ಆಗಲೇ ಕೇಳಿಸಿತು. ಟಪ್. ಟಪ್. ಟಪ್. ಬಹಳ ಮೆತ್ತಗೆ, ಆದರೆ ರೊಟ್ಟಿಯ ಸದ್ದೇ. ಎದುರು ಮನೆಯಿಂದ. ಅಂಕಿ ಎಪ್ಪತ್ತೊಂದರಲ್ಲೇ ನಿಂತಿದೆ, ಇತ್ತ ಬಾಳಪ್ಪ ರೊಟ್ಟಿ ಬಡಿಯುತ್ತಿದ್ದಾನೆ! ಅತ್ತೆ ಎದ್ದಳು ನೋಡಿ, ಎಪ್ಪತ್ತೆರಡರ ಹೆಂಗಸು ಎಂದು ಯಾರೂ ಹೇಳುತ್ತಿರಲಿಲ್ಲ. ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಣಿ ದಾಟಿದಳು, ನಾನು ಹಿಂದಿನಿಂದ ಓಡಿದೆ.

ಬಾಳಪ್ಪನ ಅಡುಗೆಮನೆಯಲ್ಲಿ ಕಂಡದ್ದನ್ನು ನಾನು ಸಾಯುವವರೆಗೂ ಮರೆಯಲಾರೆ. ನೆಲದ ಮೇಲೆ ಎರಡು ಕೌದಿ, ಅದರ ಮೇಲೆ ದಿಂಬು, ದಿಂಬಿನ ಮೇಲೆ ರೊಟ್ಟಿ ಬಡಿಯುವ ಹಲಗೆ. ಬಾಳಪ್ಪನ ಹೆಂಡತಿ ಬಾಗಿಲಿಗೆ ಒರಗಿ ಹಣೆ ಹಿಡಿದುಕೊಂಡಿದ್ದಾಳೆ. ಬಾಳಪ್ಪ ಬನಿಯನ್ನಿನಲ್ಲಿ ಕುಳಿತು, ಎರಡೂ ಕೈಗೆ ಕಾಲುಚೀಲ ಹಾಕಿಕೊಂಡು, ದೇಶದ ನಕಾಶೆಯ ಆಕಾರದ ಒಂದು ರೊಟ್ಟಿಯನ್ನು ತಟ್ಟುತ್ತಿದ್ದಾನೆ. ಮೈಯೆಲ್ಲ ಹಿಟ್ಟು. ಅತ್ತೆಯನ್ನು ನೋಡಿ ಕೈ ಮೇಲೆತ್ತಿದ.

"ಅತ್ತೀ, ತಪ್ಪಾತು. ಮೂರ ಹೊತ್ತು ಅನ್ನಾ ಉಂಡೀನಿ. ಕಣ್ಣಿಗೆ ಕತ್ತಲಿ ಬರಾಕತ್ತಿತ್ತು."

ಅತ್ತೆಗೆ ಬಯ್ಯಲು ಬಾಯಿ ತೆರೆದದ್ದಷ್ಟೇ ಗೊತ್ತು, ನಗು ಹೊರಗೆ ಬಂತು. ಗೋಡೆಗೆ ಒರಗಿ, ಸೆರಗು ಬಾಯಿಗೆ ಒತ್ತಿ, ಸದ್ದಾಗದಂತೆ ನಕ್ಕಳು. ಸದ್ದಿಲ್ಲದೆ ನಗುವುದು ಎಷ್ಟು ಕಷ್ಟ ಎಂದು ಆಗ ಗೊತ್ತಾಯಿತು, ನಾವೆಲ್ಲರೂ ಹೊಟ್ಟೆ ಹಿಡಿದು ನೆಲಕ್ಕೆ ಕುಳಿತೆವು. "ಬಡದಿದ್ದ ಒಂದು ಸುಟ್ಟು ಉಣ್ಣು. ಮತ್ತೊಂದು ಬಡದಿ ಅಂದ್ರ ನೋಡು," ಎಂದಳು ಕಡೆಗೆ. ಬಾಳಪ್ಪ ಆ ರೊಟ್ಟಿ ಬೇಯಿಸಿ ಮುರಿದು, ಅರ್ಧ ಅವಳಿಗೇ ಕೊಟ್ಟ. ಅವಳು ಬೇಡ ಎನ್ನಲಿಲ್ಲ. ಅವಳಿಗೂ ಅನ್ನ ಸಾಕಾಗಿತ್ತು. ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುತ್ತ, "ನನ್ನ ಪುಟದ ನಕಲು ನಿನ್ನ ಡಬ್ಬ್ಯಾಗ ಇಟ್ಟರ ಓದಂಗಿಲ್ಲ ಅಂತ ಆಣಿ ಮಾಡ್ತೀಯೇನೋ?" ಎಂದು ಕೇಳಿದಳು.

"ಅದರಾಗ ನಂದ ಏನ್ ಬರದೀಯವಾ?"

"ಇವತ್ತಿಂದ ಒಂದ ಕೂಡತೈತಿ," ಎಂದಳು.

ಮರಳಿ ಬಂದು ನೋಡಿದರೆ ಎಪ್ಪತ್ತೆರಡು. ನಾನು ಕೈ ಮುಗಿದೆ. ರಾತ್ರಿ ಹಾಯ್ದುಹೋಗುವಾಗ ಒಳಗೆ ಇಣುಕಿದ ಗೋದಾಬಾಯಿ, ರೊಟ್ಟಿಗೂ ಅದಕ್ಕೂ ಸಂಬಂಧವಿಲ್ಲ, ಹಳೆಯ ಡಿಸ್ಕಿನಲ್ಲಿ ಸ್ವಲ್ಪ ಕೆಟ್ಟಿದ್ದ ಜಾಗ ಬಂದಿತ್ತು, ಎರಡೆರಡು ಸಲ ಓದಿ ಮುಂದೆ ಹೋಗಿದೆ ಎಂದಳು. ಬಾಳಪ್ಪನಿಗೆ ಇದನ್ನು ನಾವು ಯಾರೂ ಹೇಳಲಿಲ್ಲ.

ಮೂರನೆಯ ದಿನ ಏಳು ಗಂಟೆಗೆ ಸ್ವಲ್ಪ ಮುಂಚೆ ದೀಪ ಹಸಿರಾಯಿತು. ಪೂರ್ಣಾ ಹೋಗಿ ಬಾಗಿಲಿನ ಕೆಂಪು ಅರಿವೆ ಬಿಚ್ಚಿದಳು. ಅತ್ತೆ ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು, ಕನ್ನಡಕ ಏರಿಸಿ ಟಿ.ವಿ. ಮುಂದೆ ಕುಳಿತಳು. ನಾನು ವಾಡಿಕೆಯಂತೆ ಹೊರಗೆ ಹೋಗಲು ಎದ್ದೆ.

"ನೀನೂ ಕುಂದ್ರು," ಎಂದಳು. "ಎಲ್ಲಾ ಬಂದಾವೋ ಇಲ್ಲೋ ನೋಡಬೇಕಂತ ಗೋದಾಬಾಯಿ ಹೇಳ್ಯಾಳ. ಇವತ್ತಿಂದು ಓದು. ಕಿತ್ತಾವ ನೀನಲ್ಲೇನು?"

ನನ್ನ ಐವತ್ತು ವರ್ಷದ ಬಾಳಿನಲ್ಲಿ ಯಾರೂ ನನ್ನನ್ನು ತಮ್ಮ ಪುಟಕ್ಕೆ ಕರೆದಿರಲಿಲ್ಲ. ಅಂಗಿಯ ಗುಂಡಿ ಹಾಕಿಕೊಂಡು ಕುಳಿತೆ. ಅತ್ತೆ ರಿಮೋಟು ಒತ್ತಿದಳು. ಹನ್ನೊಂದು ವರ್ಷದ ಹಿಂದಿನ ಮೊದಲ ಪುಟ ಬಂತು. ಪುಟದ ತುಂಬ ಒಂದೇ ಹೆಸರು, ಕಾಶವ್ವ. ಒಂದೊಂದು ಅಕ್ಷರ ಒಂದೊಂದು ದಿಕ್ಕಿಗೆ. ಒತ್ತಕ್ಷರ ಮೇಲಿನದನ್ನು ಬಿಟ್ಟು ದೂರ ಹೋಗಿ ಬಿದ್ದಿದೆ. ಅದರ ಕೆಳಗೆ, ಇನ್ನೂ ಕಷ್ಟಪಟ್ಟು ಬರೆದ ಎರಡೇ ಶಬ್ದ: ಗುರುಶಾಂತ ನಕ್ಕ.

ನೆನಪಾಯಿತು. ಅವತ್ತು ಅವಳು ಹೊಸ ನೋಟುಬುಕ್ಕು ಹಿಡಿದು, ಕೂಸು ತೋರಿಸುವ ಹಾಗೆ, ತನ್ನ ಹೆಸರನ್ನು ನನಗೆ ತೋರಿಸಲು ಬಂದಿದ್ದಳು. ಕೈಯಲ್ಲಿ ಬ್ರಶ್ ಹಿಡಿದಿದ್ದ ನಾನು, ಊರಿಗೆಲ್ಲ ಅಕ್ಷರ ಬರೆಯುವ ದೊಡ್ಡ ಮನುಷ್ಯ, ನೋಡಿ ನಕ್ಕಿದ್ದೆ. ಇದೇನತ್ತಿ, ಇರಿವಿ ಸಾಲು ಹೊಂಟಂಗ ಐತಲ್ಲ ಎಂದಿದ್ದೆ. ಅಷ್ಟೇ. ಮರುಕ್ಷಣ ಮರೆತಿದ್ದೆ.

ಅತ್ತೆ ಮುಂದಿನದನ್ನು ಒತ್ತಿದಳು. ಎರಡನೆಯ ವರ್ಷ: ಗುರುಶಾಂತಗ ಇವತ್ತ ಸಪ್ಪನ ಚಹಾ ಕೊಟ್ಟೆ. ಕುಡದ. ಏನೂ ಅನ್ನಲಿಲ್ಲ. ಮೂರನೆಯದು: ಸಪ್ಪನ ಚಹಾ ಕೊಟ್ಟೆ. ಏನೂ ಅನ್ನಲಿಲ್ಲ. ಐದನೆಯದು: ಪೂರ್ಣಾ ಸಕ್ಕರಿ ಡಬ್ಬಿ ಕೊಡಾಕ ಬಂದಳು. ಇವತ್ತ ಬ್ಯಾಡ ಅಂದೆ. ಯಾಕ ಅಂದಳು. ಹೇಳಿದೆ. ಆಕೀನೂ ನಕ್ಕಳು, ಆದ್ರ ಅದು ಬ್ಯಾರೆ ನಗಿ. ಎಂಟನೆಯದು: ಸಾಕು ಬಿಟ್ಟಬಿಡೂಣು ಅನಿಸಿತ್ತು. ಮೊದಲಿನ ಪುಟ ನೋಡಿದೆ. ಮತ್ತ ಸಿಟ್ಟ ಬಂತು. ಹನ್ನೊಂದನೆಯದು: ಕುಡದ. ಪಾಪ ಅತ್ತಿಗೆ ವಯಸ್ಸಾತು ಅನ್ನೂಹಂಗ ನೋಡಿದ.

ಪುಟದಿಂದ ಪುಟಕ್ಕೆ ಅಕ್ಷರ ಸೆಟೆದು ನಿಲ್ಲುತ್ತ ಬಂದಿತ್ತು. ಕೊನೆಯ ಪುಟದ ಒತ್ತಕ್ಷರವನ್ನು ನಾನು ಬೋರ್ಡಿಗೆ ಹಾಕಿದರೂ ಯಾರೂ ತಪ್ಪು ಹುಡುಕಲಾರರು. ಅತ್ತೆಯ ಮುಖ ನೋಡುವ ಧೈರ್ಯವಾಗದೆ ಪೂರ್ಣಾಳ ಕಡೆ ನೋಡಿದೆ. ಅವಳು ಕಿಟಕಿಯ ಹೊರಗೆ ಬಹಳ ಮುಖ್ಯವಾದದ್ದೇನನ್ನೋ ನೋಡುತ್ತಿದ್ದಳು.

ಅತ್ತೆ ಎದ್ದು ಅಡುಗೆಮನೆಗೆ ಹೋದಳು. ಚಹಾ ಕುದಿಯುವ ಸದ್ದು, ಲೋಟದ ಸದ್ದು. ಹೊರಗೆ ಬಾಳಪ್ಪನ ಮನೆಯಿಂದ ಮೊದಲ ರೊಟ್ಟಿಯ ಸದ್ದು ಎದ್ದಿತು, ಅದರ ಹಿಂದೆಯೇ ಪಕ್ಕದ ಮನೆ, ಅದರಾಚೆಯ ಮನೆ. ಬೆಳಗಿನ ಹೊತ್ತಿನಲ್ಲಿ ಹದಿನಾಲ್ಕು ಮನೆಯವರೂ ಹಟಕ್ಕೆ ಬಿದ್ದವರಂತೆ ಬಡಿಯತೊಡಗಿದರು. ಅತ್ತೆ ಬಂದು ಲೋಟವನ್ನು ನನ್ನ ಮುಂದೆ ಇಟ್ಟಳು. ಎತ್ತಿ ಒಂದು ಗುಟುಕು ಕುಡಿದೆ.

ಸಪ್ಪೆ. ಒಂದು ಕಾಳು ಸಕ್ಕರೆ ಇರಲಿಲ್ಲ. ಆ ಪುಟಗಳು ಹೋಗಿದ್ದರೆ ಇವತ್ತು ನನ್ನ ಚಹಾ ಸಿಹಿಯಾಗಿರುತ್ತಿತ್ತು ಎಂಬುದು ಹೊಳೆದು, ನನಗೆ ಎಲ್ಲಿಲ್ಲದ ಸಂತೋಷವಾಯಿತು. ಲೋಟ ಬರಿದಾಗುವವರೆಗೂ ಕುಡಿದೆ.

"ತಪ್ಪಾತು ಅತ್ತಿ," ಎಂದೆ.

"ಯಾವುದು? ಕಿತ್ತಿದ್ದೋ, ನಕ್ಕಿದ್ದೋ?"

"ಎರಡೂ."

ಅತ್ತೆ ನೋಟುಬುಕ್ಕು ತೆರೆದಳು. ಮೊದಲ ಪುಟ ಬೆಳಗಾಗುವಷ್ಟರಲ್ಲಿ ಬಿಳಿಯಾಗಿತ್ತು. ಸಂಜೆಯವರೆಗೆ ಕಾಯದೆ ಆಗಲೇ ಪೆನ್ನು ತೆಗೆದು ಬರೆದಳು, ಬರೆದು ನನ್ನ ಕಡೆ ತಿರುಗಿಸಿ ಹಿಡಿದಳು, ಹನ್ನೊಂದು ವರ್ಷದ ಹಿಂದೆ ಹಿಡಿದ ಹಾಗೆಯೇ. ಈ ಸಲ ನಾನು ಒಂದೊಂದು ಅಕ್ಷರವನ್ನೂ ಓದಿದೆ: ಡಬ್ಬಿ ತುಂಬಿತು. ಓಣಿಯವರು ರೊಟ್ಟಿ ಬಡದರು. ಗುರುಶಾಂತ ಸಪ್ಪನ ಚಹಾ ಪೂರಾ ಕುಡದು ತಪ್ಪಾತು ಅಂದ. ಮುಂದಿನ ವರ್ಷ ವಿಚಾರ ಮಾಡೂಣು.